ಯಶೋದಾ ಮತ್ತು ಬಲದ ಪುಡಿ

ಯಶೋದಾಳಿಗೆ ಇರುವುದು ಒಂದೇ ಕಿಡ್ನಿ. ಇನ್ನೊಂದನ್ನು ಎಂಟು ವರ್ಷದ ಹಿಂದೆ ತಮ್ಮ ದುರುಗೇಶನಿಗೆ ಕೊಟ್ಟಳು. ಹಿರಿಯೂರಿನಲ್ಲಿ ನಮ್ಮ ಬೀದಿಯ ತುದಿಗೆ ಅವಳ ಹಿಟ್ಟಿನ ಗಿರಣಿ ಇದೆ. ರಾಗಿ, ಜೋಳ ಬೀಸಿಸಿಕೊಳ್ಳಲು ಹೋಗುವ ನಮಗೆಲ್ಲ ಈ ವಿಷಯ ಗೊತ್ತು. ನಮಗೆ ಗೊತ್ತಿರುವುದೇ ಅವಳಿಗೆ ಬೇಸರ. ಅವಳು ಚೀಲಕ್ಕೆ ಕೈ ಹಾಕುವ ಮೊದಲೇ ಯಾರಾದರೊಬ್ಬರು, "ನೀ ಎತ್ತಬ್ಯಾಡಮ್ಮ, ನಾವೇ ಸುರೀತೀವಿ" ಎನ್ನುತ್ತಾರೆ. ಹೊಸಬರು ಬಂದರೆ ಹಳಬರು ಅವರ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಆಮೇಲೆ ಹೊಸಬರು ಅವಳನ್ನು ನೋಡುವ ನೋಟವೇ ಬೇರೆಯಾಗುತ್ತದೆ. "ನಾನೇನು ಗಾಜಿನ ಬಳೆನಾ?" ಎಂದು ಒಮ್ಮೆ ನನ್ನ ಹತ್ತಿರವೇ ಗೊಣಗಿದ್ದಳು.

ಅವಳ ತವರು ಜವನಗೊಂಡನಹಳ್ಳಿ ಕಡೆ. ಕುರಿ ಸಾಕುವ ಮನೆ. ದುರುಗೇಶ ಇಪ್ಪತ್ತೈದರ ಹುಡುಗನಿದ್ದಾಗ ಒಂದು ಬೆಳಿಗ್ಗೆ ಮುಖ ಊದಿಸಿಕೊಂಡು ಎದ್ದ. ಜೇನುಹುಳ ಕಚ್ಚಿರಬೇಕು ಎಂದುಕೊಂಡರು. ಆಮೇಲೆ ಕಾಲು ಊದಿತು, ಅನ್ನ ಸೇರದಾಯಿತು. ಚಿತ್ರದುರ್ಗದಲ್ಲಿ ರಕ್ತ ಪರೀಕ್ಷೆ ಮಾಡಿಸಿದ ದಿನ ಆ ಮನೆಯೊಳಗೆ ಒಂದು ಹೊಸ ಮಾತು ಬಂದು ಕೂತಿತು: ಕ್ರಿಯೇಟಿನಿನ್. ಕಿಡ್ನಿ ಸರಿಯಾಗಿ ಸೋಸದಿದ್ದರೆ ರಕ್ತದಲ್ಲಿ ಏರುವ ಕಸ ಅದು ಎಂದು ಡಾಕ್ಟರು ತಿಳಿಸಿದ್ದರು. ತಾಯಿ ಗಿರಿಯಮ್ಮನಿಗೆ ಓದು ಬಾರದು, ಆ ಹೆಸರು ನಾಲಿಗೆಗೂ ಹೊರಳದು. ಆದರೂ ಮಗ ಆಸ್ಪತ್ರೆಯಿಂದ ಬಂದ ಕೂಡಲೇ ಮೊದಲು ಕೇಳುತ್ತಿದ್ದುದು ಅದನ್ನೇ. "ಕಿರಾಟಿನು ಎಷ್ಟೈತಂತೆ?" ಸಂಖ್ಯೆ ಏರಿದ ದಿನ ಮನೆಯಲ್ಲಿ ಒಲೆ ಹಚ್ಚುವುದಕ್ಕೂ ಯಾರಿಗೂ ಮನಸ್ಸಾಗುತ್ತಿರಲಿಲ್ಲ.

ಗಿರಿಯಮ್ಮನಿಗೆ ಸಕ್ಕರೆ ಕಾಯಿಲೆ, ಅವಳದನ್ನು ತೆಗೆದುಕೊಳ್ಳುವಂತಿರಲಿಲ್ಲ. ಯಶೋದಾಳದು ಹೊಂದಿತು. ಗಂಡ ಹನುಮೇಶ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಪೆನ್ನು ಎರಡು ಸಲ ಕೆಳಗೆ ಬಿತ್ತಂತೆ. ಆದರೂ ಬೇಡ ಅನ್ನಲಿಲ್ಲ. ಆಪರೇಷನ್ ಬೆಂಗಳೂರಿನಲ್ಲಿ ಆಯಿತು, ಇಬ್ಬರೂ ಉಳಿದರು. ಕುರಿಯ ಸಹವಾಸ ಇನ್ನು ಬೇಡ, ಸೋಂಕು ತಗಲುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರಿಂದ ದುರುಗೇಶ ಹೊಲಿಗೆ ಕಲಿತ. ಈಗ ಚಿತ್ರದುರ್ಗದಲ್ಲಿ, ಚಂದ್ರವಳ್ಳಿಗೆ ಹೋಗುವ ರಸ್ತೆಯಲ್ಲಿ ಒಂದು ಪುಟ್ಟ ಅಂಗಡಿ ಇಟ್ಟುಕೊಂಡಿದ್ದಾನೆ.

ಯಶೋದಾಳಿಗೂ ಡಾಕ್ಟರು ಹೇಳಿದ್ದು ಒಳ್ಳೆಯ ಮಾತೇ. ಕೆಲವು ತಿಂಗಳು ಭಾರ ಎತ್ತಬೇಡಿ, ಆಮೇಲೆ ಎಲ್ಲರಂತೆ ಇರಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಆದರೆ ಎಲ್ಲರಂತೆ ಇರಲು ಯಾರೂ ಬಿಡಲಿಲ್ಲ. ಚೀಲ ಎತ್ತಲು ಹನುಮೇಶ್ ಬಿಡಲಿಲ್ಲ. ತವರಿಗೆ ಹೋದರೆ ನೀರಿನ ಕೊಡವನ್ನೂ ಗಿರಿಯಮ್ಮ ಕಿತ್ತುಕೊಳ್ಳುತ್ತಿದ್ದಳು. ಐದು ವರ್ಷ ಹೀಗೆ ಕಳೆಯುವಷ್ಟರಲ್ಲಿ ತೋಳು ಬತ್ತಿ ಹೋದವು.

ಆಗೊಂದು ಮಧ್ಯಾಹ್ನ ಹನುಮೇಶ್ ಊಟಕ್ಕೆ ಹೋಗಿದ್ದ. ಮೆಕ್ಕೆಜೋಳದ ಚೀಲ ಒಂದು ಗೋಡೆಗೆ ಒರಗಿದ್ದದ್ದು ಜಾರತೊಡಗಿತು. ಯಶೋದಾ ಓಡಿ ಹಿಡಿದಳು. ಹಿಡಿದಳು ಅಷ್ಟೇ, ತಡೆಯಲು ಆಗಲಿಲ್ಲ. ಚೀಲ ಅವಳನ್ನೂ ತಳ್ಳಿಕೊಂಡು, ಓಡುತ್ತಿದ್ದ ಮಿಷನ್ನಿನ ಬೆಲ್ಟಿನ ಕಡೆಗೆ ಬಂತು. ಸೆರಗಿನ ತುದಿ ಬೆಲ್ಟಿನ ಗಾಳಿಗೆ ಎದ್ದು ಹಾರಿತು. ಹೇಗೋ ಮಗ್ಗುಲಿಗೆ ಬಿದ್ದಳು. ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಗಿರಣಿಯ ಸದ್ದು ಕೇಳಿದರೆ ಅವಳ ಅಂಗೈ ಬೆವರುತ್ತಿತ್ತು. ಮೈಯಲ್ಲಿ ಬಲವಿಲ್ಲದೆ ಈ ಕೆಲಸ ಮಾಡುವುದು ಸಾವಿನ ಜೊತೆ ಆಟ ಅನ್ನಿಸಿತು. ಸೀರೆ ಬಿಟ್ಟು ಚೂಡಿದಾರ ಹಾಕತೊಡಗಿದಳು. ಯಾರಿಗೂ ಹೇಳದೆ ಹೋಗಿ ಜಿಮ್ಮಿಗೆ ಸೇರಿದಳು.

ಜಿಮ್ ಇದ್ದದ್ದು ಊರಿನ ಆಚೆ ತುದಿಯಲ್ಲಿ. ಬೆಳಗಿನ ಗಂಡಸರ ಗದ್ದಲ ಮುಗಿದ ಮೇಲೆ ಹೆಂಗಸರಿಗೆ ಸಮಯ. ಹೇಳಿಕೊಡುವವಳು ಪಲ್ಲವಿ, ಹೊಸದುರ್ಗದಿಂದ ಮದುವೆಯಾಗಿ ಬಂದ ಹುಡುಗಿ, ಕಾಲೇಜಿನಲ್ಲಿ ಭಾರ ಎತ್ತುವ ಸ್ಪರ್ಧೆಗೆ ಹೋಗಿದ್ದವಳು. ಅವಳಿಗೆ ಯಶೋದಾಳ ಕಥೆ ಗೊತ್ತಿರಲಿಲ್ಲ. ಮೊದಲ ದಿನ ಕೇಳಿದಳು.

"ಬಿಪಿ, ಶುಗರ್, ಆಪರೇಷನ್ ಏನಾದ್ರೂ ಆಗೈತಾ ಅಕ್ಕ?"

"ಏನೂ ಇಲ್ಲ" ಅಂದಳು ಯಶೋದಾ.

ಆ ಸುಳ್ಳು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಎಷ್ಟೋ ವರ್ಷದ ಮೇಲೆ ಒಬ್ಬರು ತನ್ನನ್ನು ಬರೀ ಒಬ್ಬ ಹೆಂಗಸು ಅಂತ ನೋಡುತ್ತಿದ್ದಾರೆ, ಅದನ್ನು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಕೆಲವು ತಿಂಗಳಲ್ಲಿ ತೋಳು ತುಂಬಿಕೊಂಡವು. ಹನುಮೇಶನಿಗೆ ತಿಳಿದಾಗ ಮೊದಲು ಹೆದರಿದ, ಆಮೇಲೆ ಹೆಂಡತಿಯ ಮುಖದ ಕಳೆ ನೋಡಿ ಸುಮ್ಮನಾದ. ಆದರೆ ಒಂದು ಹಂತಕ್ಕೆ ಬಂದು ಅವಳ ಬಲ ನಿಂತುಬಿಟ್ಟಿತು. ಎಷ್ಟು ತಿಣುಕಿದರೂ ಅದಕ್ಕಿಂತ ಮೇಲಿನ ಭಾರ ನೆಲ ಬಿಟ್ಟು ಏಳಲಿಲ್ಲ. ಗಿರಣಿಯ ತುಂಬಿದ ಚೀಲ ಅದಕ್ಕಿಂತಲೂ ಭಾರ.

ಪಲ್ಲವಿ ಗಾಜಿನ ಬೀರುವಿನಿಂದ ಒಂದು ಕಪ್ಪು ಡಬ್ಬಿ ತೆಗೆದು ತೋರಿಸಿದಳು. "ದಿನಾ ಒಂದು ಚಮಚ ನೀರಿಗೆ ಹಾಕ್ಕೊಂಡು ಕುಡೀರಿ ಅಕ್ಕ. ನಾನೂ ತಗಳ್ತೀನಿ. ಸ್ಟಿರಾಯ್ಡ್ ಗಿರಾಯ್ಡ್ ಏನಲ್ಲ."

ಯಶೋದಾ ಡಬ್ಬಿ ತಿರುಗಿಸಿ ಹೆಸರು ಓದಿದಳು. ಕ್ರಿಯೇಟಿನ್ ಎಂದು ದಪ್ಪ ಅಕ್ಷರದಲ್ಲಿತ್ತು. ಡಬ್ಬಿಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟಳು, ಒಳಗಿಂದ ಏನೋ ಹೊರಬರುತ್ತದೆ ಎಂಬಂತೆ.

"ಇದು... ರಕ್ತ ಟೆಸ್ಟ್ ಮಾಡಿಸಿದಾಗ ಬರುತ್ತಲ್ಲ, ಕಿಡ್ನಿದು, ಅದಾ?"

"ಅಲ್ಲ ಅಕ್ಕ. ಅದು ಕ್ರಿಯೇಟಿನಿನ್. ಕೊನೆಗೆ ಇನ್ನೊಂದು ಇನ್ ಬರುತ್ತೆ. ಇದೇ ಬೇರೆ, ಅದೇ ಬೇರೆ" ಎಂದು ನಕ್ಕಳು ಪಲ್ಲವಿ. "ಎಲ್ಲರೂ ಇದನ್ನೇ ಕೇಳ್ತಾರೆ."

ಅವತ್ತು ತೆಗೆದುಕೊಳ್ಳಲಿಲ್ಲ. ಎರಡು ಸಾವಿರಕ್ಕೆ ಮೇಲಿತ್ತು ಬೆಲೆ. ಹನುಮೇಶನ ಹತ್ತಿರ ಸುಮ್ಮನೆ ಮಾತು ತೆಗೆದಳು, ಜಿಮ್ಮಿನಲ್ಲಿ ಹಿಂಗೊಂದು ಪುಡಿ ಮಾರ್ತಾರೆ ಅಂತ. ಹೆಸರು ಹೇಳಲಿಲ್ಲ.

"ಪುಡಿಗೆ ಅಷ್ಟು ದುಡ್ಡಾ? ಅದರಲ್ಲಿ ಮನೆಮಂದಿಗೆಲ್ಲ ತಿಂಗಳುಗಟ್ಟಲೆ ಮೊಟ್ಟೆ ಬರ್ತವೆ" ಅಂದ ಅವನು. ಆಮೇಲೆ, "ನಿಂಗೆ ಬೇಕು ಅನ್ನಿಸಿದ್ರೆ ತಗ. ನಿನ್ ದುಡಿಮೆ ನಿನ್ನದು" ಎಂದೂ ಸೇರಿಸಿದ.

ದುಡ್ಡಿನ ಚಿಂತೆ ಅವಳಿಗಿದ್ದದ್ದು ಅರ್ಧ ಮಾತ್ರ. ಮತ್ತರ್ಧ ಆ ಹೆಸರಿನದು. ದಿನವಿಡೀ ಹಿಟ್ಟಿನ ಧೂಳಿನ ನಡುವೆ ನಿಂತು ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಬೇರೆ ಅಂತ ಪಲ್ಲವಿ ಹೇಳುತ್ತಾಳೆ. ಬೇರೆ ಆಗಿದ್ದರೆ ಹೆಸರು ಯಾಕೆ ಅಷ್ಟು ಹತ್ತಿರ? ಡಾಕ್ಟರನ್ನು ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಾರೆ, ಜಿಮ್ಮೂ ಬೇಡ ಎನ್ನುತ್ತಾರೆ, ಮತ್ತೆ ಗಾಜಿನ ಬಳೆ. ಕೊನೆಗೆ ಅವಳನ್ನು ಒಪ್ಪಿಸಿದ್ದು ಆ ಮೆಕ್ಕೆಜೋಳದ ಚೀಲ. ಅದು ಮತ್ತೊಮ್ಮೆ ಜಾರಿದರೆ ಏನು ಗತಿ ಎನ್ನುವ ಭಯದ ಮುಂದೆ ಡಬ್ಬಿಯ ಭಯ ಚಿಕ್ಕದಾಗಿ ಕಂಡಿತು. ಖಾರದ ಪುಡಿಯ ಸುಗ್ಗಿ ಮುಗಿದ ವಾರ ಹೋಗಿ ಡಬ್ಬಿ ತಂದಳು. ಗಿರಣಿಯಲ್ಲಿ ಹಳೇ ಜರಡಿಗಳ ಹಿಂದೆ ಇಟ್ಟಳು.

ಪುಡಿ ಕೆಲಸ ಮಾಡಿತು. ಅದನ್ನು ಅವಳು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಕೆಲವೇ ವಾರಗಳಲ್ಲಿ ನಿಂತಿದ್ದ ಬಲ ಮುಂದೆ ಸರಿಯಿತು. ಒಂದು ದಿನ ಯಾರೂ ಇಲ್ಲದಾಗ ತುಂಬಿದ ರಾಗಿ ಚೀಲವನ್ನು ಅಪ್ಪಿ ಹಿಡಿದು, ಮೊಣಕಾಲು ಬಗ್ಗಿಸಿ, ಉಸಿರು ಬಿಗಿಹಿಡಿದು ಎತ್ತಿದಳು. ಎದ್ದಿತು. ಅದನ್ನು ಹೊತ್ತುಕೊಂಡೇ ಗಿರಣಿಯ ಬಾಗಿಲವರೆಗೆ ಹೋಗಿ ವಾಪಸ್ ಬಂದಳು. ಬೀದಿಯಲ್ಲಿ ಯಾರಾದರೂ ನೋಡಲಿ ಅನ್ನಿಸಿತಂತೆ. ನೋಡುವವರು ಯಾರೂ ಇರಲಿಲ್ಲ.

ವರ್ಷದ ಪರೀಕ್ಷೆಯ ಸಮಯ ಬಂತು. ಹಿರಿಯೂರಿನಲ್ಲೇ ರಕ್ತ ಕೊಟ್ಟಳು. ಪ್ರತಿ ವರ್ಷವೂ ಅವಳ ಸಂಖ್ಯೆ ಒಂದರ ಆಸುಪಾಸು ಇರುತ್ತಿತ್ತು. ಸಂಜೆ ಲ್ಯಾಬಿನ ಹುಡುಗಿ ಫೋನ್ ಮಾಡಿದಾಗ ಯಶೋದಾ ಗಿರಣಿಯ ಸದ್ದಿನಿಂದ ಹೊರಗೆ ಬಂದು ನಿಂತಳು.

"ಮೇಡಂ, ಕ್ರಿಯೇಟಿನಿನ್ ಸ್ವಲ್ಪ ಜಾಸ್ತಿ ಐತೆ. ಒಂದೂವರೆ ದಾಟೈತೆ. ಡಾಕ್ಟ್ರಿಗೆ ತೋರಿಸ್ರಿ."

ಫೋನ್ ಕಿವಿಯಲ್ಲೇ ಇತ್ತು. ಎದುರು ಮನೆಯ ಕಟ್ಟೆಯ ಮೇಲೆ ಯಲ್ಲಕ್ಕ ಮುದುಕಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಅವಳು ಏನೋ ಕೇಳಿದಳು. ಯಶೋದಾಳಿಗೆ ಅವಳ ಬಾಯಿ ಅಲ್ಲಾಡುವುದು ಮಾತ್ರ ಕಂಡಿತು.

ತಮ್ಮನದು ಶುರುವಾಗಿದ್ದೂ ಹೀಗೇ. ಸ್ವಲ್ಪ ಜಾಸ್ತಿ ಐತೆ ಅಂದಿದ್ದರು.

ಚಿತ್ರದುರ್ಗಕ್ಕೆ ಕಿಡ್ನಿ ಡಾಕ್ಟರಮ್ಮ ಬರುವುದು ಹದಿನೈದು ದಿನಕ್ಕೊಮ್ಮೆ. ಅವರು ಬರಲು ಇನ್ನೂ ಒಂದು ವಾರವಿತ್ತು. ಆ ವಾರ ಅವಳು ಹೇಗೆ ಬದುಕಿದಳು ಎಂಬುದನ್ನು ನನಗೆ ಬಿಡಿಸಿ ಹೇಳಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಹೆಬ್ಬೆರಳಿನಿಂದ ಕಣಕಾಲನ್ನು ಒತ್ತಿ, ಗುಳಿ ಬೀಳುತ್ತದೆಯೇ ಎಂದು ನೋಡುವುದು. ತಮ್ಮನ ಕಾಲಿಗೆ ಹಾಗೆ ಒತ್ತಿ ಒತ್ತಿ ಅವಳ ಬೆರಳಿಗೆ ಅಭ್ಯಾಸವಿತ್ತು. ಗುಳಿ ಬೀಳಲಿಲ್ಲ. ಆದರೂ ಮತ್ತೆ ಸ್ವಲ್ಪ ಹೊತ್ತಿಗೆ ಒತ್ತುತ್ತಿದ್ದಳು. ಮೂತ್ರದಲ್ಲಿ ನೊರೆ ಬಂತೇ ಎಂದು ಬಗ್ಗಿ ನೋಡುವುದು. ಕನ್ನಡಿಯಲ್ಲಿ ರೆಪ್ಪೆ ಕೆಳಗೆ ಊತ ಹುಡುಕುವುದು. ಪುಡಿಯನ್ನು ಮುಟ್ಟಲಿಲ್ಲ, ಆದರೆ ಎಸೆಯಲೂ ಇಲ್ಲ. ಅದು ಜರಡಿಗಳ ಹಿಂದೆಯೇ ಇತ್ತು. ಅಲ್ಲಿ ಹಾವು ಇದೆಯೇನೋ ಎಂಬಂತೆ ಆ ಮೂಲೆಯನ್ನು ಬಳಸಿಕೊಂಡು ಓಡಾಡುತ್ತಿದ್ದಳು.

ಫೋನಿನಲ್ಲಿ ಹುಡುಕಿದಳು. ಒಬ್ಬ ತೋಳು ತೋರಿಸಿಕೊಂಡು, ಈ ಪುಡಿಯಿಂದ ಏನೂ ಆಗುವುದಿಲ್ಲ, ಭಯಪಡುವವರು ಮೂರ್ಖರು ಎಂದ. ಇನ್ನೊಬ್ಬ ಇದರಿಂದ ಕಿಡ್ನಿ ಸುಟ್ಟು ಹೋಗುತ್ತದೆ ಎಂದ. ಇಬ್ಬರೂ ಎರಡು ಕಿಡ್ನಿ ಇರುವವರಿಗೆ ಮಾತನಾಡುತ್ತಿದ್ದರು.

ಗಂಡನಿಗೆ ಹೇಳಲಿಲ್ಲ. ಡಾಕ್ಟರ ಹತ್ತಿರ ಒಬ್ಬಳೇ ಹೋಗಿ ಬರುತ್ತೇನೆ, ವರ್ಷದ ಪರೀಕ್ಷೆ ಅಷ್ಟೇ ಎಂದು ಬಸ್ಸು ಹತ್ತಿದಳು.

ಡಾಕ್ಟರಮ್ಮ ಸಂಖ್ಯೆ ನೋಡಿ ಕನ್ನಡಕ ತೆಗೆದರು. ಬಿಪಿ ನೋಡಿದರು, ಕಾಲು ಒತ್ತಿ ನೋಡಿದರು. ಆಮೇಲೆ ಕೇಳಿದರು. "ಮೈಕೈ ನೋವಿನ ಮಾತ್ರೆ ತಗೊಂಡ್ರಾ?"

"ಇಲ್ಲ."

"ನಾಟಿ ಔಷಧಿ? ತೂಕ ಇಳಿಸೋ ಪುಡಿ, ಶಕ್ತಿ ಪುಡಿ, ಯಾವುದಾದರೂ?"

ಕೇಳಿದ್ದು ಸರಿಯಾಗಿ ಅದನ್ನೇ. ತಾನು ತಮ್ಮನಿಗೆ ಕೊಟ್ಟ ಮೇಲೆ ಉಳಿದ ಒಂದು ಕಿಡ್ನಿಯನ್ನು ಜಿಮ್ಮಿನ ಡಬ್ಬಿಗೆ ಹಾಳು ಮಾಡಿಕೊಂಡೆ ಎಂದು ಹೇಗೆ ಹೇಳುವುದು? ಬಾಗಿಲ ಹತ್ತಿರ ನರ್ಸ್ ನಿಂತಿದ್ದಳು. ಹೊರಗೆ ಬೆಂಚಿನ ತುಂಬ ಊದಿದ ಮುಖಗಳು.

"ಏನೂ ಇಲ್ಲ" ಅಂದಳು. ಪಲ್ಲವಿಗೆ ಹೇಳಿದ ಅದೇ ಎರಡು ಮಾತು. ಈ ಸಲ ಸಲೀಸಾಗಿ ಬರಲಿಲ್ಲ.

ಡಾಕ್ಟರಮ್ಮನ ಮುಖ ಗಂಭೀರವಾಯಿತು. "ಹಾಗಾದರೆ ಯಾಕೆ ಏರಿದೆ ಅಂತ ನೋಡಲೇಬೇಕು. ಸ್ಕ್ಯಾನ್ ಮಾಡಿಸಿ. ಅದರಲ್ಲೂ ಗೊತ್ತಾಗದಿದ್ದರೆ ಬೆಂಗಳೂರಿಗೆ ಕಳಿಸಬೇಕಾಗಬಹುದು."

ಹೊರಗೆ ಬಂದವಳಿಗೆ ಬಸ್ ಸ್ಟ್ಯಾಂಡು ಯಾವ ಕಡೆ ಎಂಬುದೇ ಮರೆತಿತ್ತು. ಕಾಲು ತಾವಾಗಿಯೇ ತಮ್ಮನ ಅಂಗಡಿಗೆ ಕರೆದುಕೊಂಡು ಹೋದವು.

ದುರುಗೇಶ ಮಿಷನ್ನಿನ ಮುಂದೆ ಕೂತು ಯಾರದೋ ಮಗುವಿನ ಲಂಗಕ್ಕೆ ಅಂಚು ಹೊಲಿಯುತ್ತಿದ್ದ. "ಬಾ ಅಕ್ಕ, ಊಟ ಆತಾ?" ಎಂದವನು ಅವಳ ಮುಖ ನೋಡಿ ಕಾಲು ನಿಲ್ಲಿಸಿದ. "ಏನಾತು?"

ಅವನಿಗೆ ಹೇಳಬಾರದೆಂದೇ ವಾರವಿಡೀ ನಿರ್ಧರಿಸಿದ್ದಳು. ಸ್ಟೂಲಿನ ಮೇಲೆ ಕೂತ ಕೂಡಲೇ ಎಲ್ಲ ಹೇಳಿಬಿಟ್ಟಳು. ಬೆಲ್ಟು, ಜಿಮ್ಮು, ಡಬ್ಬಿ, ಏರಿದ ಸಂಖ್ಯೆ, ಈಗಷ್ಟೇ ಡಾಕ್ಟರ ಮುಂದೆ ಹೇಳಿದ ಸುಳ್ಳು.

ದುರುಗೇಶನ ಬಲಗೈ ಕಿಬ್ಬೊಟ್ಟೆಯ ಮೇಲೆ ಹೋಗಿ ನಿಂತಿತ್ತು. ಅವಳ ಕಿಡ್ನಿಯನ್ನು ಅವನಿಗೆ ಇಟ್ಟಿರುವುದು ಅಲ್ಲೇ, ಮುಂಭಾಗದಲ್ಲಿ, ಚರ್ಮದ ಕೆಳಗೆ ಕೈಗೆ ಸಿಗುವ ಹಾಗೆ.

"ನಿಂಗೇನಾರ ಆದ್ರೆ ಇದನ್ನ ವಾಪಸ್ ಕೊಡಾಕೂ ಬರಲ್ಲಕ್ಕ" ಎಂದ. "ನಾನು ಆರು ವರ್ಷದಿಂದ ದೇವ್ರಿಗೆ ಕೈ ಮುಗಿಯೋದು ನಂಗೋಸ್ಕರ ಅಲ್ಲ. ನಿಂಗೋಸ್ಕರ."

"ಬೈಯಿ ಬೇಕಾದ್ರೆ."

"ಬೈಯಲ್ಲ. ಎದ್ದೇಳು. ಡಾಕ್ಟರು ಇನ್ನೂ ಇರ್ತಾರೆ. ಹೋಗಾಣ."

"ಸುಳ್ಳು ಹೇಳಿ ಬಂದೀನಿ, ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಮುಖ ನಾನು ತೋರಿಸ್ತೀನಿ. ನೀನು ಬರೇ ಹೇಳು."

ಅಂಗಡಿಯ ಬಾಗಿಲು ಅರ್ಧ ಎಳೆದು, ಪಕ್ಕದ ಅಂಗಡಿಯವನಿಗೆ ಹೇಳಿ, ಅಕ್ಕನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟ. ಚಿಕ್ಕಂದಿನಿಂದ ಅವನ ಕೈ ಹಿಡಿದು ನಡೆಸಿದವಳು, ಕಾಯಿಲೆಯ ದಿನಗಳಲ್ಲಿ ಅವನನ್ನು ಹೆಗಲಿಗೆ ಆನಿಸಿಕೊಂಡು ಮೆಟ್ಟಿಲು ಹತ್ತಿಸಿದವಳು. ಅವತ್ತು ಅವನ ಅಂಗಿಯ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಡಾಕ್ಟರಮ್ಮ ಹೊರಡುವ ಸಿದ್ಧತೆಯಲ್ಲಿದ್ದರು. ಇಬ್ಬರನ್ನೂ ನೋಡಿ ಮತ್ತೆ ಕೂತರು. ಯಶೋದಾ ತಲೆ ತಗ್ಗಿಸಿ ಹೇಳಿದಳು.

"ಮಧ್ಯಾಹ್ನ ಕೇಳಿದಾಗ ಯಾಕೆ ಹೇಳಲಿಲ್ಲ?"

"ಹೆದ್ರಿಕೆ ಆತು ಮೇಡಂ."

"ನೀವು ಈಗ ಬರದಿದ್ದರೆ ಏನಾಗ್ತಿತ್ತು ಗೊತ್ತಾ? ಇಲ್ಲದ ಕಾಯಿಲೆ ಹುಡುಕಿಕೊಂಡು, ಇರೋ ಒಂದು ಕಿಡ್ನಿಗೆ ಸೂಜಿ ಚುಚ್ಚಿ ತುಣುಕು ತೆಗೆದು ನೋಡೋ ಮಟ್ಟಕ್ಕೆ ಹೋಗ್ತಿದ್ವಿ." ದನಿ ಇಳಿಸಿದರು. "ಕೇಳಿ. ಆ ಪುಡಿ ಮೈಯೊಳಗೆ ಹೋಗಿ ಸ್ವಲ್ಪ ಸ್ವಲ್ಪವೇ ಕ್ರಿಯೇಟಿನಿನ್ ಆಗುತ್ತೆ. ಹಾಗಾಗಿ ಕಿಡ್ನಿ ಚೆನ್ನಾಗಿದ್ದರೂ ಸಂಖ್ಯೆ ಏರಬಹುದು."

ಯಶೋದಾ ತಲೆ ಎತ್ತಿದಳು.

"ಖುಷಿಪಡಬೇಡಿ ಇನ್ನೂ. ಕಿಡ್ನಿ ಕೆಟ್ಟರೂ ಏರುತ್ತೆ. ಯಾವುದು ಅಂತ ಈಗ ನನಗೂ ಗೊತ್ತಿಲ್ಲ. ಪುಡಿ ಪೂರ್ತಿ ಬಿಡಿ, ಭಾರ ಎತ್ತೋದನ್ನೂ ಸದ್ಯಕ್ಕೆ ನಿಲ್ಲಿಸಿ. ಮೂರು ವಾರದ ಮೇಲೆ ಇದೇ ಟೆಸ್ಟ್ ಮತ್ತೆ ಮಾಡೋಣ. ಜೊತೆಗೆ ಇನ್ನೊಂದಿದೆ, ಪುಡಿ, ತೋಳಿನ ಬಲ ಯಾವುದರ ಹಂಗೂ ಇಲ್ಲದೆ ಕಿಡ್ನಿ ಹೇಗಿದೆ ಅಂತ ತೋರಿಸೋ ಟೆಸ್ಟ್, ಅದನ್ನೂ ಮಾಡಿಸೋಣ. ಆಗ ನಿಜ ಗೊತ್ತಾಗುತ್ತೆ."

ಹಿರಿಯೂರಿನ ಬಸ್ಸಿಗೆ ಇನ್ನೂ ಸಮಯವಿತ್ತು. ದುರುಗೇಶ ಅವಳನ್ನು ಚಂದ್ರವಳ್ಳಿ ಕೆರೆಯ ಹತ್ತಿರ ಕರೆದುಕೊಂಡು ಹೋದ. ಬಂಡೆಗಳ ಮೇಲೆ ಸಂಜೆ ಬಿಸಿಲಿತ್ತು. ಕಾಲೇಜು ಹುಡುಗರು ಫೋಟೋ ತೆಗೆದುಕೊಳ್ಳುತ್ತಿದ್ದರು.

"ಮೂರು ವಾರ ಹೆಂಗಪ್ಪ ಕಳೀಲಿ?" ಎಂದಳು ಯಶೋದಾ.

"ನಾನು ಹೆಂಗೆ ಕಳೀತೀನಿ ಗೊತ್ತಾ?" ಅಂದ ದುರುಗೇಶ. "ರಕ್ತ ಕೊಟ್ಟು ಬಂದ ದಿನ ಕತ್ತರಿ ಮುಟ್ಟಲ್ಲ. ಕೈ ನಡುಗಿ ಬಟ್ಟೆ ತಪ್ಪು ಕತ್ತರಿಸ್ತೀನಿ. ಗುಂಡಿ ಹೊಲಿತೀನಿ ಬರೇ. ಎಲ್ಲರ ಅಂಗಿ ಗುಂಡಿನೂ ಅವತ್ತಿಗೆ ಎತ್ತಿಟ್ಟಿರ್ತೀನಿ. ರಿಪೋರ್ಟ್ ಬರೋ ಹೊತ್ತಿಗೆ ಎಷ್ಟು ಗುಂಡಿ ಆಗಿರ್ತವೋ ಲೆಕ್ಕ ಇಡಲ್ಲ."

"ಆರು ವರ್ಷದಿಂದ ಹಿಂಗೇನಾ?"

"ಹಿಂಗೇ."

"ಒಂದು ದಿನಾನೂ ಹೇಳ್ಲಿಲ್ವಲ್ಲೋ."

"ಕೊಟ್ಟೋಳಿಗೆ ಏನಂತ ಹೇಳ್ಲಿ ಅಕ್ಕ? ನೀನು ಕೊಟ್ಟಿದ್ದು ಯಾವತ್ತು ನಿಲ್ಲುತ್ತೋ ಅಂತ ಹೆದರ್ತೀನಿ ಅಂತಾನಾ?"

ತಾನು ಕೊಟ್ಟ ದಿನವೇ ಅವನ ಭಯ ಮುಗಿಯಿತು ಎಂದು ಅವಳು ಇಷ್ಟು ವರ್ಷ ನಂಬಿದ್ದಳು.

ಮನೆಗೆ ಬಂದು ಹನುಮೇಶನಿಗೂ ಹೇಳಿದಳು. ಅವನು ಜರಡಿಗಳ ಹಿಂದಿನಿಂದ ಡಬ್ಬಿ ತಂದು ಬಾಗಿಲ ಬೆಳಕಿಗೆ ಹಿಡಿದ. ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಸೇವಿಸಬಾರದು ಎಂದಿತ್ತು. ಓದಿ ಡಬ್ಬಿಯನ್ನು ಕೆಳಗಿಟ್ಟ. ಕೋಪ ಮಾಡುತ್ತಾನೆ ಎಂದು ಅವಳು ಕಾದಳು. ಅವನು ಅವಳ ಪಕ್ಕ ಬಂದು ಕೂತ ಅಷ್ಟೇ.

ಮೂರು ವಾರ ಗಿರಣಿಯಲ್ಲಿ ಚೀಲಗಳನ್ನೆಲ್ಲ ಹನುಮೇಶನೇ ಎತ್ತಿದ. ಯಶೋದಾ ಹಿಟ್ಟು ತೂಗಿ ಕೊಟ್ಟಳು, ಜರಡಿ ಹಿಡಿದಳು. ನಡುವೆ ಗಿರಿಯಮ್ಮ ಊರಿಂದ ಬಂದಳು. ಮಗಳು ಸುಮ್ಮನೆ ಕೂತಿರುವುದು ನೋಡಿ ಅವಳಿಗೆ ಸಮಾಧಾನವಾಯಿತು. "ಈಗ ಬುದ್ಧಿ ಬಂತು ನೋಡು. ಹಿಂಗೇ ಇರು ನನ್ನವ್ವ" ಎಂದು ತಲೆ ಸವರಿದಳು. ಯಶೋದಾ ಎದ್ದು ಒಳಗೆ ಹೋಗಿ, ಮಿಷನ್ ಹಾಕಿ, ಆ ಸದ್ದಿನಲ್ಲಿ ಅತ್ತಳು.

ಅವಳು ಜಿಮ್ಮಿಗೆ ಬರದಿದ್ದುದರಿಂದ ಪಲ್ಲವಿ ಹುಡುಕಿಕೊಂಡು ಬಂದಳು. ರಾಗಿ ಬೀಸಿಸಲು ಬಂದಿದ್ದ ಹೆಂಗಸೊಬ್ಬಳು, "ಪಾಪ, ತಮ್ಮಗೆ ಕಿಡ್ನಿ ಕೊಟ್ಟೋಳು, ಅದೇನೋ ಈಗ ತೊಂದ್ರೆ ಅಂತೆ" ಎಂದು ಅಲ್ಲೇ ಹೇಳಿಬಿಟ್ಟಳು. ಪಲ್ಲವಿಯ ಮುಖ ಬಿಳಿಚಿಕೊಂಡಿತು.

"ಅಕ್ಕ, ಆಪರೇಷನ್ ಆಗಿಲ್ಲ ಅಂದಿದ್ರಲ್ಲ."

"ಅಂದಿದ್ದೆ."

"ನಾನು ಕೈಯಾರೆ ಕೊಟ್ಟೆ ಅಕ್ಕ ನಿಮಗೆ." ಹುಡುಗಿಯ ಕಣ್ಣು ತುಂಬಿದವು. "ಬೇರೆ ಬೇರೆ ಅಂತ ನಗಾಡಿದೆ. ನಂಗೂ ಪೂರ್ತಿ ಗೊತ್ತಿರ್ಲಿಲ್ಲ. ನಂಗೆ ಹೇಳಿಕೊಟ್ಟೋರು ಹಂಗಂತ ಹೇಳಿದ್ರು, ನಾನು ನಿಮಗೆ ಹೇಳಿದೆ."

"ನಿಂದೇನೂ ತಪ್ಪಿಲ್ಲ. ನೀನು ಕೇಳಿದ್ದೆ. ನಾನು ಮುಚ್ಚಿಟ್ಟೆ" ಅಂದಳು ಯಶೋದಾ. ಆದರೂ ಪಲ್ಲವಿ ಬಂದಾಗಿನ ಉತ್ಸಾಹವಿಲ್ಲದೆ, ನೆಲ ನೋಡಿಕೊಂಡು ವಾಪಸ್ ಹೋದಳು. ಫಲಿತಾಂಶ ಬರುವವರೆಗೆ ಅವಳಿಗೂ ನಿದ್ದೆ ಹತ್ತಲಿಲ್ಲವೆಂದು ಆಮೇಲೆ ತಿಳಿಯಿತು.

ಎರಡನೇ ರಕ್ತ ಕೊಟ್ಟದ್ದು ಚಿತ್ರದುರ್ಗದಲ್ಲಿ. ಒಂದು ಟೆಸ್ಟಿನ ಸೀಸೆಯನ್ನು ಬೆಂಗಳೂರಿಗೆ ಕಳಿಸಿದ್ದರು. ಅದರ ರಿಪೋರ್ಟ್ ಬರುವ ದಿನ ಯಶೋದಾ, ಹನುಮೇಶ್ ಇಬ್ಬರೂ ಗಿರಣಿ ಮುಚ್ಚಿ ಹೋದರು. ದುರುಗೇಶ ಮೊದಲೇ ಬಂದು ಬೆಂಚಿನಲ್ಲಿ ಕೂತಿದ್ದ, ತೊಡೆಯ ಮೇಲೆ ಒಂದು ಚೀಲ. ಅದರಲ್ಲಿ ಅಂಗಿಗಳಿದ್ದವು. ಏನೂ ಹೇಳದೆ ಅಕ್ಕನ ಕೈಗೂ ಒಂದು ಸೂಜಿ ಪೋಣಿಸಿ ಕೊಟ್ಟ. ಅವಳಿಗೆ ಹೊಲಿಗೆ ಚೆನ್ನಾಗಿ ಬಾರದು. ಅವಳು ಹಚ್ಚಿದ ಗುಂಡಿಗಳು ಓರೆಯಾದವು. ಅವನು ಬಿಚ್ಚಲಿಲ್ಲ.

ಹೆಸರು ಕರೆದಾಗ ಅವಳು ಸೂಜಿಯನ್ನು ಅಂಗಿಗೇ ಚುಚ್ಚಿಟ್ಟಳು. ಹನುಮೇಶ್ ರಟ್ಟೆ ಹಿಡಿದು ಎಬ್ಬಿಸಿದ.

ಡಾಕ್ಟರಮ್ಮ ಎರಡು ಸಂಖ್ಯೆಯನ್ನೂ ಮತ್ತೊಮ್ಮೆ ಓದಿಕೊಂಡು ತಲೆ ಎತ್ತಿದರು. "ಕ್ರಿಯೇಟಿನಿನ್ ನಿಮ್ಮ ಹಳೇ ಜಾಗಕ್ಕೆ ಇಳಿದಿದೆ. ಇನ್ನೊಂದು ಟೆಸ್ಟೂ ಸರಿ ಇದೆ. ಕಿಡ್ನಿ ಚೆನ್ನಾಗಿದೆ."

ಹನುಮೇಶ್ ಗೋಡೆಗೆ ಒರಗಿದ. ದುರುಗೇಶ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಯಶೋದಾ ಕೇಳಿದಳು. "ಹಂಗಾದ್ರೆ ಆ ಪುಡಿಯಿಂದ ಏನೂ ಆಗ್ತಿರ್ಲಿಲ್ವಾ ಮೇಡಂ?"

"ನಿಮಗೆ ಕೆಡುಕು ಮಾಡಿತು ಅಂತ ನಾನು ಹೇಳಲ್ಲ. ಮಾಡೋದೇ ಇಲ್ಲ ಅಂತ ಬರೆದೂ ಕೊಡಲ್ಲ. ಎರಡೂ ಕಿಡ್ನಿ ಚೆನ್ನಾಗಿರೋರಿಗೆ ತೊಂದರೆ ಕಮ್ಮಿ ಅಂತಾರೆ. ನಿಮ್ಮಂಥೋರಲ್ಲಿ ಅಷ್ಟು ನೋಡಿಲ್ಲ. ಅದೂ ಅಲ್ಲದೆ ಅದನ್ನ ತಿಂತಾ ಇದ್ದರೆ ನಿಮ್ಮ ಸಂಖ್ಯೆ ಯಾವಾಗಲೂ ಸುಳ್ಳು ಹೇಳ್ತಿರುತ್ತೆ. ನಾಳೆ ನಿಜವಾಗಿ ಏನಾದರೂ ಆದರೆ ನನಗೆ ಗೊತ್ತಾಗೋದೇ ಇಲ್ಲ."

"ಜಿಮ್ಮು?"

"ಮಾಡಿ. ಅತಿ ಮಾಡಬೇಡಿ. ನೀರು ಕುಡೀರಿ. ನೋವಿನ ಮಾತ್ರೆ ಮಾತ್ರ ಮುಟ್ಟಬೇಡಿ. ನಿಮಗೆ ಹೇಳಿಕೊಡೋ ಹುಡುಗಿಗೆ ಮೊದಲು ನಿಜ ಹೇಳಿ."

ವಾಪಸ್ ಬರುವ ಬಸ್ಸಿನಲ್ಲಿ ಹನುಮೇಶ್ ಕೇಳಿದ. "ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಬಲ ಬಂತಾ?"

"ಬಂತು" ಅಂದಳು ಯಶೋದಾ. "ಸುಳ್ಳು ಯಾಕೆ ಹೇಳ್ಲಿ. ಕೊಟ್ಟ ದುಡ್ಡಿಗೆ ಮೋಸ ಆಗ್ಲಿಲ್ಲ. ಆದ್ರೆ ಒಂದೊಂದು ಚಮಚಕ್ಕೂ ಒಂದೊಂದು ಸಲ ಕಾಲು ಒತ್ತಿ ನೋಡ್ಕಳಾಕೆ ನನ್ ಕೈಲಿ ಆಗಲ್ಲ."

ಅರ್ಧ ಉಳಿದಿದ್ದ ಡಬ್ಬಿಯನ್ನು ಪಲ್ಲವಿಗೆ ಕೊಡಲೂ ಇಲ್ಲ, ಮಾರಲೂ ಇಲ್ಲ. ಗಿರಣಿಯ ಹಿಂದಿನ ತಿಪ್ಪೆಯಲ್ಲಿ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದಳು. ಕೋಳಿಗಳು ಕೆದಕಿಯಾವು ಎಂದು ಮೇಲೊಂದು ಕಲ್ಲು ಹೇರಿದಳು.

ಈಗ ಮತ್ತೆ ಜಿಮ್ಮಿಗೆ ಹೋಗುತ್ತಾಳೆ. ಮೊದಮೊದಲು ಪಲ್ಲವಿಯೇ ಅವಳನ್ನು ಗಾಜಿನ ಬಳೆ ಮಾಡಿಟ್ಟಿದ್ದಳು. ಖಾಲಿ ಸಲಾಕೆ ಬಿಟ್ಟು ಏನೂ ಎತ್ತಲು ಕೊಡುತ್ತಿರಲಿಲ್ಲ. ಯಶೋದಾ ಅವಳೆದುರೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿಸಿದ ಮೇಲೆ ಭಾರ ಮೆಲ್ಲಗೆ ಏರತೊಡಗಿತು. ಪುಡಿ ಬಿಟ್ಟ ಮೇಲೆ ಬಲ ಸ್ವಲ್ಪ ಇಳಿದಿದ್ದು ನಿಜ. ತುಂಬಿದ ಚೀಲ ಒಬ್ಬಳಿಂದ ಏಳುವುದಿಲ್ಲ. ಅರ್ಧ ಚೀಲ ಏಳುತ್ತದೆ. ಉಳಿದದ್ದಕ್ಕೆ ಗಂಡನನ್ನು ಕೂಗುತ್ತಾಳೆ. ಹೊಸದಾಗಿ ಸೇರಲು ಬಂದವರನ್ನು ಪಲ್ಲವಿ ಈಗ ಒಂದು ಸಲ ಕೇಳಿ ಬಿಡುವುದಿಲ್ಲ. ಎರಡನೇ ಸಲ ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆತ್ತಗೆ ಕೇಳುತ್ತಾಳೆ.

ಭಯ ಹೋಯಿತೇ ಎಂದು ನಾನು ಯಶೋದಾಳನ್ನು ಕೇಳಿದ್ದೆ. ಹೋಗಿಲ್ಲ ಎಂದಳು. ಕಾಲು ಒತ್ತಿ ನೋಡುವುದು ಕಮ್ಮಿಯಾಗಿದೆ, ನಿಂತಿಲ್ಲ. ಆದರೆ ಅವಳ ವರ್ಷದ ರಕ್ತ ಪರೀಕ್ಷೆ ಈಗ ಹಿರಿಯೂರಿನಲ್ಲಿ ನಡೆಯುವುದಿಲ್ಲ. ದುರುಗೇಶನದು ಯಾವ ದಿನವೋ ಅವತ್ತೇ ಅವಳೂ ಚಿತ್ರದುರ್ಗಕ್ಕೆ ಹೋಗುತ್ತಾಳೆ. ಅಕ್ಕ ತಮ್ಮ ಅಕ್ಕಪಕ್ಕ ಕೂತು ತೋಳು ಚಾಚುತ್ತಾರೆ. ಬರಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದು ಪಕ್ಕದ ಹೋಟೆಲಿನಲ್ಲಿ ಕೂತು, ಅವನು ಉಪ್ಪು ಕಮ್ಮಿ ಹಾಕಿಸಿದ ಉಪ್ಪಿಟ್ಟು, ಅವಳು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾರೆ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂದರೆ ಅವನು ಲೋಟ ಮುಂದೆ ಸರಿಸುತ್ತಾನೆ.